ಆಧ್ಯಾತ್ಮಿಕ ಮಾರ್ಗದರ್ಶನಕ್ಕೆ ಹೋಗುವವರು ಮಾಡಿಕೊಳ್ಳಬೇಕಾದ ಸಿದ್ಧತೆ

ಕ್ರೈಸ್ತ ಧ್ಯಾನಪರಂಪರೆಯ 'ಆಧ್ಯಾತ್ಮಿಕ ಮಾರ್ಗದರ್ಶನ'ಕ್ಕೆ ಆ ಹೆಸರೇ ಸ್ವಲ್ಪ ತೊಡಕು. ಗುರು ದಾರಿ ತೋರಿಸುತ್ತಾರೆ, ಶಿಷ್ಯ ಹಿಂದೆ ನಡೆಯುತ್ತಾನೆ ಎಂದುಕೊಂಡು ಹೋದವರು ಮೊದಲ ಭೇಟಿಯಲ್ಲೇ ನಿರಾಶರಾಗುವುದುಂಟು. ಏಕೆಂದರೆ ಎದುರಿಗೆ ಕುಳಿತವರು ಹೆಚ್ಚು ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ದಾರಿ ತೋರುವವರು ಪವಿತ್ರಾತ್ಮರು, ಅಂದರೆ ಒಳಗಿದ್ದು ನಡೆಸುವ ದೇವರ ಆತ್ಮ; ಅವರ ಸುಳಿವನ್ನು ಗುರುತಿಸಲು ಜೊತೆಗೊಬ್ಬರಿರುತ್ತಾರೆ ಅಷ್ಟೆ ಎಂಬುದು ಈ ಪದ್ಧತಿಯ ತಿರುಳು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಬಳಿಗೆ ಹೋಗಿ "ಅಬ್ಬಾ (ತಂದೆಯೇ), ನನಗೊಂದು ಮಾತು ಹೇಳಿ" ಎಂದು ಕೇಳುತ್ತಿದ್ದವರಿಗೂ ಸಿಗುತ್ತಿದ್ದುದು ಹೆಚ್ಚಾಗಿ ಒಂದೆರಡು ಮಾತು ಮಾತ್ರ.

ಮೊದಲು ಆಯ್ಕೆಯ ವಿಷಯ. ಇದು ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಬೇಡುವ ಪಾಪನಿವೇದನೆಯಲ್ಲ. ಅದು ಸಂಸ್ಕಾರ, ಅದಕ್ಕೆ ಧರ್ಮಗುರುವೇ ಬೇಕು. ಮಾರ್ಗದರ್ಶಕರು ಧರ್ಮಭಗಿನಿಯೂ (ಸಿಸ್ಟರ್) ಆಗಬಹುದು, ತರಬೇತಿ ಪಡೆದ ಗೃಹಸ್ಥರೂ ಆಗಬಹುದು. ವಿವೇಕ ಮತ್ತು ಅನುಭವ ಇರಲೇಬೇಕು, ಪಾಂಡಿತ್ಯವೂ ಇದ್ದರೆ ಮತ್ತೂ ಒಳ್ಳೆಯದು ಎಂಬುದು ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ (1515–1582) ಅವರ ಸಲಹೆ. ಅರೆಬರೆ ಓದಿಕೊಂಡ ಗುರುಗಳಿಂದ ತನಗೆ ಹಾನಿಯಾಯಿತೆಂದು ಆಕೆ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಸ್ನೇಹಿತರನ್ನೋ ಹತ್ತಿರದ ಬಂಧುಗಳನ್ನೋ ಆರಿಸಿಕೊಳ್ಳದಿರುವುದು ಲೇಸು. ನಮ್ಮಲ್ಲಾದರೆ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯವರು (ಜೆಸ್ವಿಟ್ ಗುರುಗಳು) ನಡೆಸುವ ಫಾತಿಮಾ ರಿಟ್ರೀಟ್ ಹೌಸ್‌ನಂಥ ಧ್ಯಾನಕೇಂದ್ರಗಳಲ್ಲಿ ವಿಚಾರಿಸಬಹುದು.

ನಿಜವಾದ ಕೆಲಸವಿರುವುದು ಭೇಟಿಗಿಂತ ಮೊದಲು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದುಕೊಂಡು ಲೊಯೋಲಾದ ಮನೆಯಲ್ಲಿ ಮಲಗಿದ್ದ ಇಗ್ನಾಸಿಯೊ ಎಂಬ ಯೋಧ (ಮುಂದೆ ಯೇಸುಸಭೆಯನ್ನು ಸ್ಥಾಪಿಸಿದವರು ಇವರೇ) ಒಂದು ಸಣ್ಣ ವ್ಯತ್ಯಾಸವನ್ನು ಗಮನಿಸಿದ: ಶೌರ್ಯದ ಹಗಲುಗನಸು ಕಾಣುವಾಗ ಹಿತವೆನಿಸಿದರೂ ಮುಗಿದ ಮೇಲೆ ಮನಸ್ಸು ಬಣಗುಡುತ್ತಿತ್ತು, ಸಂತರಂತೆ ಬದುಕುವ ಯೋಚನೆ ಬಂದುಹೋದ ಮೇಲೂ ಸಂತೋಷ ಉಳಿಯುತ್ತಿತ್ತು. 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆ'ಗಳೆಂಬ ಪ್ರಾರ್ಥನೆಯ ಕೈಪಿಡಿಯಲ್ಲಿ, ಮನಸ್ಸಿನ ಯಾವ ಸೆಳೆತ ದೇವರಿಂದ ಬಂದದ್ದು ಎಂದು ಗುರುತಿಸುವ ವಿವೇಚನೆಯ ನಿಯಮಗಳಿಗೆ ಈ ಗಮನಿಕೆಯೇ ಬೀಜ. ನೀವೂ ಇದನ್ನೇ ಮಾಡಬೇಕು. ದಿನವೂ ಶುಭಸಂದೇಶದ (ಬೈಬಲಿನಲ್ಲಿರುವ ಯೇಸುವಿನ ಚರಿತ್ರೆಯ) ಒಂದು ಭಾಗವನ್ನು ಓದಿ ಅರ್ಧ ಗಂಟೆ ಪ್ರಾರ್ಥಿಸಿ, ಆಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದನ್ನು ನೋಟ್‌ಪುಸ್ತಕದಲ್ಲಿ ಮೂರ್ನಾಲ್ಕು ಸಾಲು ಬರೆದಿಡಿ. ಪ್ರವಚನ ಬರೆಯಬೇಡಿ. "ಮಂಗಳವಾರ. ಮಾರ್ಕ 10, ಕುರುಡ ಬಾರ್ತಿಮಾಯ. ಯೇಸು 'ನಾನು ನಿನಗೆ ಏನು ಮಾಡಬೇಕು?' ಎಂದು ಕೇಳುವಲ್ಲಿಗೆ ಬಂದಾಗ ಎದ್ದು ಮೊಬೈಲ್ ನೋಡಿದೆ" ಎಂದಿದ್ದರೆ ಸಾಕು.

ಭೇಟಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸುಮಾರು ಒಂದು ಗಂಟೆ. ಸ್ವಲ್ಪ ಹೊತ್ತು ಮೌನವಾಗಿದ್ದು, ನಂತರ ಆ ಸಾಲನ್ನು ಇದ್ದಂತೆಯೇ ಓದಿ ಹೇಳಿ. ಅನುಭವಸ್ಥ ಸಿಸ್ಟರ್ ಒಬ್ಬರು "ಮೊಬೈಲ್ ಬದಿಗಿಟ್ಟು ಪ್ರಾರ್ಥನೆ ಮಾಡಿ" ಎಂದು ಉಪದೇಶಿಸುವುದಿಲ್ಲ. "ಆ ಪ್ರಶ್ನೆ ಬಂದಾಗಲೇ ಏಳಬೇಕೆನಿಸಿತಲ್ಲ, ಒಳಗೆ ಏನಾಯಿತು?" ಎಂದು ಕೇಳಿ ಕಾಯುತ್ತಾರೆ. ಉತ್ತರ ಹೊಳೆಯದಿದ್ದರೆ "ಗೊತ್ತಿಲ್ಲ ಸಿಸ್ಟರ್" ಎನ್ನಲು ಸಂಕೋಚ ಬೇಡ. ಅದೇ ಭಾಗವನ್ನು ಮತ್ತೊಮ್ಮೆ ಪ್ರಾರ್ಥಿಸಿ ಬರಲು ಹೇಳಿಯಾರು. ಸೃಷ್ಟಿಕರ್ತನು ವ್ಯಕ್ತಿಯೊಂದಿಗೆ ನೇರವಾಗಿ ವ್ಯವಹರಿಸಲು ಬಿಟ್ಟು, ಸಾಧನೆ ಮಾಡಿಸುವವರು ತಕ್ಕಡಿಯ ಮುಳ್ಳಿನಂತೆ ಯಾವ ಕಡೆಗೂ ವಾಲದೆ ನಿಲ್ಲಬೇಕೆಂದು ಇಗ್ನಾಸಿಯೊ ವಿಧಿಸಿದ್ದಾರೆ. ಆದ್ದರಿಂದ ಮದುವೆ, ಕೆಲಸ, ಸನ್ಯಾಸದ ಬಗ್ಗೆ "ನೀವೇ ಹೇಳಿಬಿಡಿ" ಎಂದು ಪಟ್ಟು ಹಿಡಿಯುವುದು ಸರಿಯಲ್ಲ. ಒಡನೆ ಅಪ್ಪಣೆ ಕೊಟ್ಟುಬಿಡುವ ಮಾರ್ಗದರ್ಶಕರ ಬಗ್ಗೆ, ನನ್ನನ್ನು ಕೇಳಿದರೆ, ಹುಷಾರಾಗಿರಬೇಕು.

ಪ್ರಾರ್ಥನೆ ಬರಡಾಗಿ ಎಲ್ಲವನ್ನೂ ಬಿಟ್ಟುಬಿಡೋಣ ಎನಿಸುವ ದಿನಗಳು ಬಂದೇ ಬರುತ್ತವೆ. ಅಂಥ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನಾಸಿಯೊ ಅವರ ಖಚಿತ ನಿಯಮ. ಅದನ್ನೂ ಬರೆದಿಟ್ಟು ಮುಂದಿನ ಭೇಟಿಗೆ ಒಯ್ಯಿರಿ. ನಿದ್ರೆ, ಊಟ ಬಿಟ್ಟುಹೋಗಿ ವಾರಗಟ್ಟಲೆ ಮನಸ್ಸು ಕುಸಿದಿದ್ದರೆ ವೈದ್ಯರನ್ನೂ ಕಾಣಬೇಕು.

ಕೆಲವು ತಿಂಗಳ ನಂತರವೂ ಹೊಂದಾಣಿಕೆಯಾಗದಿದ್ದರೆ ಬೇರೊಬ್ಬರನ್ನು ಹುಡುಕುವುದು ತಪ್ಪಲ್ಲ; ತೆರೇಸಾ ತಮ್ಮ ಮಠದ ಭಗಿನಿಯರಿಗೆ ಈ ಸ್ವಾತಂತ್ರ್ಯವಿರಲೇಬೇಕೆಂದು ವಾದಿಸಿದ್ದರು. ಹಾಗೆ ಬಿಡುವಾಗ ಹೇಳದೆ ಕೇಳದೆ ನಿಲ್ಲಿಸಬೇಡಿ. ಕೊನೆಯದಾಗಿ ಒಂದು ಭೇಟಿ ಇಟ್ಟುಕೊಂಡು ಕಾರಣವನ್ನು ನೇರವಾಗಿ ತಿಳಿಸಿ, ನೋಟ್‌ಪುಸ್ತಕವನ್ನು ಹೊಸಬರ ಬಳಿಗೂ ಜೊತೆಗೆ ಕೊಂಡೊಯ್ಯಿರಿ.