ಹೊಸಬರಿಗೆ ಮಾರ್ಗದರ್ಶಿ: ಕಲಬುರಗಿಯಲ್ಲಿ ಮನೆ ಹಿಡಿಯುವ ಮುಂಚೆ ತಲೆ ಎತ್ತಿ ನೋಡಿ

ಮಲೆನಾಡು, ಕರಾವಳಿಯಿಂದ ವರ್ಗವಾಗಿ ಬಂದವರಿಗೆ ಇಲ್ಲಿಯ ಸಪಾಟು ಮಾಳಿಗೆ ಮೊದಮೊದಲು ಹಿಡಿಸುವುದಿಲ್ಲ. ಹಾಗಂತ ‘ಇಲ್ಲಿಯವರಿಗೆ ಮನೆ ಕಟ್ಟೋಕೆ ಬರಲ್ಲ’ ಎಂದು ದಯವಿಟ್ಟು ಯಾರೆದುರೂ ಹೇಳಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ. ಇಲ್ಲಿ ಬೀಳುವುದು ಸುಮಾರು ಅದರ ಹತ್ತನೇ ಒಂದು ಪಾಲು. ಇಷ್ಟು ಮಳೆಗೆ ಕಡಿದಾದ ಮಾಡು ಯಾಕೆ ಬೇಕು? ದಪ್ಪ ಮಣ್ಣಿನ ಹಳೇ ಮಾಳಿಗೆ ಮೇ ತಿಂಗಳಲ್ಲೂ ತಂಪು. ಮಾಳಿಗೆ ಹೊರುವ ಮರದ ಜಂತಿಗೆ ಗೆದ್ದಲು ಹತ್ತಿಲ್ಲದಿದ್ದರೆ ಅಂಥ ಮನೆ ಬಿಡಬೇಡಿ.

ಇಳಿಜಾರಿನ ಬಗೆಗಳು

ಒಂದೇ ಕಡೆ ಇಳಿಜಾರು: ಬಾಡಿಗೆ ಕೋಣೆ, ಅಂಗಡಿ.
ಎರಡು ಕಡೆ: ಗೋದಾಮು, ಶೆಡ್ಡು.
ನಾಲ್ಕು ಕಡೆ: ನಮ್ಮ ಮಲೆನಾಡು, ಕರಾವಳಿಯ ಹಂಚಿನ ಮನೆಯಂಥದ್ದು. ಇಲ್ಲಿ ಅಪರೂಪ.

ಪತ್ರಾ (ತಗಡಿನ ಶೀಟು) ಮನೆ

ಇದನ್ನು ಗಮನವಿಟ್ಟು ಓದಿ. ನಮ್ಮ ಹಂಚಿನ ಮನೆಯಲ್ಲಿ ಭಾರ ಹೇಗೆ ಇಳಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಹಂಚಿನಿಂದ ಅದರ ಕೆಳಗಿನ ರೀಪಿಗೆ (ಅಡ್ಡ ಪಟ್ಟಿ), ರೀಪಿನಿಂದ ಪಕ್ಕಾಸಿಗೆ (ಇಳಿಜಾರಿನ ಮರ), ಅಲ್ಲಿಂದ ಗೋಡೆಗೆ. ಪಕ್ಕಾಸಿನ ಕಾಲು ಗೋಡೆಯನ್ನು ಹೊರಗೆ ನೂಕದಂತೆ ಅಡ್ಡತೊಲೆ ಹಿಡಿದಿರುತ್ತದೆ. ಅಲ್ಲಿ ಹಂಚಿನ ಭಾರವೇ ಮಾಡನ್ನು ಕೂರಿಸುತ್ತದೆ. ಪತ್ರಾ ಹಾಗಲ್ಲ, ತೀರಾ ಹಗುರ. ಅದನ್ನು ಕೆಳಕ್ಕೆ ಹಿಡಿಯಬೇಕಾದದ್ದು ಬೋಲ್ಟು ಮತ್ತು ಅದರ ಕೆಳಗಿನ ಅಡ್ಡ ಪೈಪು.

ಏಪ್ರಿಲ್, ಮೇ ಸಂಜೆ ಇಲ್ಲಿ ಬಿರುಗಾಳಿ ಏಳುತ್ತದೆ, ಕೆಲವೊಮ್ಮೆ ಆಲಿಕಲ್ಲೂ ಬೀಳುತ್ತದೆ. ಗಾಳಿ ಮೇಲಿನಿಂದ ಪತ್ರಾವನ್ನು ಹೀರುತ್ತದೆ. ಬಾಗಿಲು, ಕಿಟಕಿಯಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ. ಎರಡೂ ಸೇರಿದರೆ ಪತ್ರಾ ಕಿತ್ತು ಹಾರುತ್ತದೆ. ನಮ್ಮ ಮೊದಲ ಬೇಸಿಗೆಯಲ್ಲಿ ಅಡುಗೆಮನೆಯ ಮೇಲಿನದು ಹಾಗೇ ಹೋಯಿತು. ಮಗು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಮಾಲೀಕರು ಪತ್ರಾ ಮೇಲೆ ನಾಲ್ಕು ಕಲ್ಲು ಹೇರಿದ್ದರು, ಅಷ್ಟೇ. ಗಾಳಿಗೆ ಆ ಕಲ್ಲೂ ಜಾರಿ ಬೀಳುತ್ತದೆ, ಯಾರ ತಲೆ ಮೇಲಾದರೂ ಬೀಳಬಹುದು. ಕಲ್ಲು ಕಂಡರೆ ‘ಬೋಲ್ಟ್ ಹಾಕಿಸಿ’ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ.

ನೋಡಬೇಕಾದದ್ದು:

ಅಡ್ಡ ಪೈಪಿನ ತುದಿ ಗೋಡೆಯೊಳಗೆ ಸಿಮೆಂಟಿನಲ್ಲಿ ಕೂತಿದೆಯಾ, ಸುಮ್ನೆ ಮೇಲಿಟ್ಟಿದ್ದಾರಾ? ಇದೇ ಎಲ್ಲಕ್ಕಿಂತ ಮುಖ್ಯ. ಬೋಲ್ಟು ಎಷ್ಟೇ ಬಿಗಿಯಾಗಿದ್ದರೂ ಪೈಪು ಸಡಿಲವಿದ್ದರೆ ಇಡೀ ಚಾವಣಿಯೇ ಎದ್ದು ಹೋಗುತ್ತದೆ.

ಬೋಲ್ಟು ಪತ್ರಾದ ಉಬ್ಬಿನ ಮೇಲಿರಬೇಕು. ತಗ್ಗಿನಲ್ಲಿದ್ದರೆ ನೀರು ನಿಂತು ಸೋರುತ್ತದೆ. ವಾಷರ್ ಒಣಗಿ ಬಿರಿದಿದ್ದರೆ ಬದಲಿಸಿ.

ಸೂರು ಜಾಸ್ತಿ ಹೊರಚಾಚಿದ್ದರೆ ಗಾಳಿಗೆ ಹಿಡಿತ ಸಿಗುತ್ತದೆ. ಊರಿನ ಹಾಗೆ ಮಾರುದ್ದ ಸೂರು ಇಲ್ಲಿ ಹಾಕಿಸಬೇಡಿ.

ಹಳೇ ಸಿಮೆಂಟ್ ಶೀಟು: ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕೊರೆಯಬೇಡಿ, ಒಡೆಯಬೇಡಿ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದರ ಮೇಲೆ ಕಾಲಿಡಲೇಬೇಡಿ, ಮುರಿದು ಬೀಳುತ್ತೀರಿ.

ಸೆಕೆಗೆ

ಪತ್ರಾ ಕೆಳಗೆ ಫಾಲ್ಸ್ ಸೀಲಿಂಗ್ ಇದ್ದರೆ ಒಳ್ಳೆಯದು. ಮೇಲೆ ಬಿಳಿ ಬಣ್ಣ. ನೆಲಕ್ಕೆ ಶಹಾಬಾದ್ ಫರಸಿ (ಕಲ್ಲಿನ ಚಪ್ಪಡಿ) ಇದ್ದರೆ ಪುಣ್ಯ, ಮಧ್ಯಾಹ್ನ ಅದರ ಮೇಲೆಯೇ ಮಲಗಿ.

ಮಾರ್ಚ್ ಮುಗಿಯುವುದರೊಳಗೆ ಬೋಲ್ಟು ಬಿಗಿ ಮಾಡಿಸಿ. ನೀವೇ ಮೇಲೆ ಹತ್ತಬೇಡಿ, ವೆಲ್ಡಿಂಗ್ ಕೆಲಸದವರನ್ನು ಕರೆಸಿ. ಬಾಡಿಗೆ ಮಾತಾಡುವಾಗಲೇ ಈ ಖರ್ಚು ಮಾಲೀಕರದು ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.