ಓದಿದ ಕಾಲೇಜಿಗೆ ದತ್ತಿ ಇಡುವುದು ಹೇಗೆ? ಮೊದಲು ಷರತ್ತು ಪತ್ರ, ಆಮೇಲೆ ಚೆಕ್ಕು

ತುಮಕೂರಿನ ಬಿ.ಎಚ್. ರಸ್ತೆಯ ಕಾಲೇಜುಗಳಲ್ಲಿ ಓದಿದವರು ಈಗ ಎಲ್ಲೆಲ್ಲೋ ಇದ್ದಾರೆ. ವಾಟ್ಸ್ಆ್ಯಪ್ ಗುಂಪು ಕಟ್ಟಿ, ವರ್ಷಕ್ಕೊಮ್ಮೆ ಸೇರಿ, ಊಟ ಮುಗಿಯುವ ಹೊತ್ತಿಗೆ ‘ಕಾಲೇಜಿಗೆ ಏನಾದರೂ ಮಾಡೋಣ’ ಅನ್ನುತ್ತಾರೆ. ಅಲ್ಲೇ ಒಂದೆರಡು ಲಕ್ಷ ಸೇರಿಬಿಡುತ್ತದೆ. ಅದನ್ನು ಠೇವಣಿಯಿಟ್ಟು ಬಡ್ಡಿಯನ್ನಷ್ಟೇ ಹಂಚುವುದೇ ದತ್ತಿ. ಆ ದುಡ್ಡು ಹತ್ತನೇ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿಯ ಕೈ ಸೇರುತ್ತಿರಬೇಕಾದರೆ ಆರಂಭದಲ್ಲೇ ಕೆಲವು ಕಾಗದಗಳನ್ನು ಸರಿಯಾಗಿ ಮಾಡಿಕೊಳ್ಳಬೇಕು.

ಸಂಘದ ನೋಂದಣಿ

ಹಳೆಯ ವಿದ್ಯಾರ್ಥಿಗಳ ಸಂಘವನ್ನು ನೋಂದಾಯಿಸುವುದು ಸುಲಭ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಮಂದಿ ಸದಸ್ಯರು, ಒಂದು ಬೈಲಾ, ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ. ಏಳು ಮಂದಿಯಲ್ಲಿ ಮೂವರಾದರೂ ಊರಿನಲ್ಲೇ ಇರುವವರಾಗಿರಲಿ. ಪ್ರತಿ ವರ್ಷ ಮಹಾಸಭೆಯಾದ 14 ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕವಿದೆ. ಹಾಗಾಗಿ ನ್ಯಾಕ್ ತಂಡ ಬರುವ ಮುಂಚೆ ಅವಸರದಲ್ಲಿ ಹುಟ್ಟುವ ಸಂಘಗಳಿವೆ. ತಂಡ ಹೋದ ಮೇಲೆ ಅವು ಲೆಕ್ಕ ಸಲ್ಲಿಸುವುದನ್ನೇ ಬಿಡುತ್ತವೆ. ನಾಲ್ಕು ವರ್ಷದ ಬಾಕಿ ಇಟ್ಟುಕೊಂಡ ಸಂಘಕ್ಕೆ ಮುಂದೆ ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದೂ ಕಷ್ಟವಾಗುತ್ತದೆ.

ದುಡ್ಡು ಸಂಘದಲ್ಲಿರಬೇಕೋ ವಿಶ್ವವಿದ್ಯಾನಿಲಯದಲ್ಲೋ?

ಎರಡೂ ದಾರಿಗಳಿವೆ. ವಿಶ್ವವಿದ್ಯಾನಿಲಯದ ಕಾಲೇಜಾದರೆ ಪ್ರಾಂಶುಪಾಲರ ಕೈಗೆ ಚೆಕ್ಕು ಕೊಟ್ಟು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ಕುಲಸಚಿವರಿಗೆ ಪತ್ರ ಬರೆಯಬೇಕು, ಸಿಂಡಿಕೇಟ್ (ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿ) ಒಪ್ಪಬೇಕು, ಹಣಕಾಸು ಅಧಿಕಾರಿಯ ಲೆಕ್ಕಕ್ಕೆ ಹೋಗಬೇಕು. ತಡವಾದರೂ ಹಣ ಭದ್ರ. ಘಟಿಕೋತ್ಸವದ ಪದಕ, ನಗದು ಬಹುಮಾನಗಳಿಗೆ ಇದೇ ಸರಿಯಾದ ದಾರಿ. ಶುಲ್ಕ, ಊಟ, ಬಸ್ ಪಾಸಿನಂಥ ತುರ್ತು ನೆರವಿಗೆ ಮಾತ್ರ ಸಂಘದ ಖಾತೆಯೇ ವಾಸಿ. ಆಗಸ್ಟಿನಲ್ಲಿ ಶುಲ್ಕ ಕಟ್ಟಬೇಕಾದ ಹುಡುಗ ಸಿಂಡಿಕೇಟ್ ಸಭೆಯವರೆಗೆ ಕಾಯಲಾರ.

ಷರತ್ತು ಪತ್ರ: ಎಲ್ಲರೂ ಎಡವುವ ಜಾಗ

ದತ್ತಿಯ ಹಣ ಯಾರಿಗೆ, ಹೇಗೆ ಸಲ್ಲಬೇಕೆಂದು ಹೇಳುವುದು ಈ ಪತ್ರ. ಬಹಳ ಮಂದಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ‘ನಮ್ಮ ತಂದೆಯವರ ಹೆಸರಿನಲ್ಲಿ ಸಿಬಿಜೆಡ್ ವಿಭಾಗದಲ್ಲಿ ಮೊದಲ ಸ್ಥಾನ ಪಡೆದವರಿಗೆ ಪ್ರತಿ ವರ್ಷ ಬಹುಮಾನ.’ ಸಿಬಿಜೆಡ್ ಅಂದರೆ ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಹಳೆಯ ಮೂರು ವಿಷಯಗಳ ಸಂಯೋಜನೆಯೇ ಹೋಯಿತು. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಂಯೋಜನೆಯ ಹೆಸರು ಹಿಡಿದು ಬರೆದ ದತ್ತಿಗೆ ಇಂಥ ನಡುವಿನ ವರ್ಷಗಳಲ್ಲಿ ಅರ್ಹರೇ ಸಿಗುವುದಿಲ್ಲ, ಬಡ್ಡಿ ಖಾತೆಯಲ್ಲೇ ಕೊಳೆಯುತ್ತದೆ. ‘ಇಂಥ ಹೋಬಳಿಯ, ಇಂಥ ವಿಷಯದ, ಶೇ 85 ದಾಟಿದ’ ಎಂದು ಮೂರು ಜರಡಿ ಹಿಡಿದರೂ ಅದೇ ಗತಿ.

ಹೀಗೆ ಬರೆಯಿರಿ: ‘ಜೀವವಿಜ್ಞಾನದ ಯಾವುದೇ ವಿಷಯ ಓದುತ್ತಿರುವ, ಕುಟುಂಬದ ಆದಾಯ ಕಡಿಮೆ ಇರುವ ಇಬ್ಬರಿಗೆ, ಅಂಥವರು ಸಿಗದಿದ್ದರೆ ವಿಜ್ಞಾನದ ಯಾವುದೇ ವಿದ್ಯಾರ್ಥಿಗೆ, ಆ ವರ್ಷವೇ ಕೊಡತಕ್ಕದ್ದು.’ ಕೊನೆಯ ಮೂರು ಪದಗಳನ್ನು ಬಿಡಲೇಬೇಡಿ. ಆಯ್ಕೆ ಯಾರು ಮಾಡುತ್ತಾರೆ ಎಂಬುದನ್ನು ಹುದ್ದೆಯ ಹೆಸರಿನಲ್ಲಿ ಬರೆಯಿರಿ: ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಸಂಘದ ಕಾರ್ಯದರ್ಶಿ. ವ್ಯಕ್ತಿಯ ಹೆಸರು ಬರೆದರೆ ಅವರು ನಿವೃತ್ತರಾದ ದಿನ ಸಮಿತಿಯೂ ನಿವೃತ್ತವಾಗುತ್ತದೆ.

ಕಾಲೇಜಿನ ಹೆಸರೇ ಬದಲಾದರೆ? ತುಮಕೂರಿನ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳು 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ವಿಶ್ವವಿದ್ಯಾನಿಲಯ ಕಾಲೇಜುಗಳಾದವು. ಕೋಲಾರದ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯ ಬಿಟ್ಟು ಬೆಂಗಳೂರು ಉತ್ತರಕ್ಕೆ ಸೇರಿದವು. ಆದ್ದರಿಂದ ‘ಈ ಕಾಲೇಜು ಅಥವಾ ಇದರ ಉತ್ತರಾಧಿಕಾರಿ ಸಂಸ್ಥೆ’ ಎಂಬ ಮಾತು ಪತ್ರದಲ್ಲಿ ಇರಲಿ.

ಇನ್ನು ಮೊತ್ತ. 1 ಲಕ್ಷ ರೂಪಾಯಿಗೆ ಶೇ 6.5ರಂತೆ ವರ್ಷಕ್ಕೆ 6,500 ರೂಪಾಯಿ ಬಡ್ಡಿ. ಅಷ್ಟನ್ನೂ ಹಂಚಬೇಡಿ. 5,000 ಕೊಟ್ಟು 1,500 ರೂಪಾಯಿಯನ್ನು ಅಸಲಿಗೆ ಸೇರಿಸಿ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಹತ್ತು ವರ್ಷದ ನಂತರದ 5,000 ರೂಪಾಯಿಗೆ ಇಂದಿನ ಸುಮಾರು 3,070 ರೂಪಾಯಿಯ ಬೆಲೆ ಅಷ್ಟೇ. ಅಸಲು ಬೆಳೆಯದಿದ್ದರೆ ದತ್ತಿ ಸೊರಗುತ್ತದೆ. ಚಿನ್ನದ ಪದಕದ ದತ್ತಿಯನ್ನಂತೂ ಈಗ ಹೊಸದಾಗಿ ಇಡಲೇಬೇಡಿ: 1 ಲಕ್ಷದ ಬಡ್ಡಿಗೆ ಇಂದು ಒಂದು ಗ್ರಾಂ ಚಿನ್ನವೂ ಬರುವುದಿಲ್ಲ. ನಗದು ಬಹುಮಾನ, ಜೊತೆಗೊಂದು ಪ್ರಮಾಣಪತ್ರ ಸಾಕು.

ಠೇವಣಿ ಇಡುವಾಗ

ಖಾತೆ ಸಂಘದ ಪ್ಯಾನ್ ಮೇಲೆಯೇ ಇರಬೇಕು. ‘ಸದ್ಯಕ್ಕೆ ಖಜಾಂಚಿ ಹೆಸರಿನಲ್ಲಿ ಇಡೋಣ’ ಎಂಬ ಅಡ್ಡದಾರಿ ಹಿಡಿದರೆ ಬಡ್ಡಿಯೆಲ್ಲ ಅವರ ಆದಾಯವಾಗಿ ತೆರಿಗೆ ಬೀಳುತ್ತದೆ. ಅವರಿಗೇನಾದರೂ ಆದರೆ ಹಣ ವಾರಸುದಾರರ ಹೆಸರಿಗೆ ಹೋಗುತ್ತದೆ. ಇಬ್ಬರ ಸಹಿ ಕಡ್ಡಾಯ ಮಾಡಿ, ಅದರಲ್ಲಿ ಒಬ್ಬರು ಊರಿನವರಿರಲಿ.

ಬಡ್ಡಿ ವರ್ಷಕ್ಕೊಮ್ಮೆ ಉಳಿತಾಯ ಖಾತೆಗೆ ಬೀಳುವ ಠೇವಣಿ ಆರಿಸಿ. ಜುಲೈನಲ್ಲಿ ಇಟ್ಟರೆ ಪ್ರತಿ ಜುಲೈಗೆ ಬಡ್ಡಿ ಬಂದು, ಪ್ರವೇಶ ಮುಗಿಯುವ ಹೊತ್ತಿಗೆ ಹಂಚಲು ಸಿಗುತ್ತದೆ. ತಾನಾಗಿ ನವೀಕರಣವಾಗಬೇಕೆಂಬ ಸೂಚನೆಯನ್ನು ಅರ್ಜಿಯಲ್ಲೇ ಗುರುತು ಹಾಕಿ. ಹಾಕದಿದ್ದರೆ, ಅವಧಿ ಮುಗಿದ ಠೇವಣಿಗೆ ಉಳಿತಾಯ ಖಾತೆಯ ಬಡ್ಡಿ ಅಥವಾ ಮೊದಲು ಒಪ್ಪಿದ ಬಡ್ಡಿ, ಯಾವುದು ಕಡಿಮೆಯೋ ಅಷ್ಟೇ ಸಿಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾಪಸು ಪಡೆಯಬಹುದು, ಆದರೆ ಮೂಲ ರಸೀದಿ, ನಿರ್ಣಯದ ಪ್ರತಿ, ಹಳೆಯ ಪದಾಧಿಕಾರಿಗಳ ಪಟ್ಟಿ ಎಲ್ಲ ಹುಡುಕಬೇಕು. ಠೇವಣಿ ರಸೀದಿಯ ನಕಲು ಕಾಲೇಜಿನ ಕಡತದಲ್ಲಿ ಒಂದು, ಕಾರ್ಯದರ್ಶಿಯ ಬಳಿ ಒಂದು ಇರಲಿ. ಪದಾಧಿಕಾರಿಗಳು ಬದಲಾದ ವಾರವೇ ನಿರ್ಣಯದ ಪ್ರತಿ ಹಿಡಿದು ಬ್ಯಾಂಕಿಗೆ ಹೋಗಿ.

ತೆರಿಗೆ ಮತ್ತು ವಿದೇಶದ ಹಣ

ದಾನಿಗಳು ಮೊದಲು ಕೇಳುವುದು ‘80ಜಿ ಇದೆಯಾ?’ ಎಂದು, ಅಂದರೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಇದೆಯಾ ಎಂದು. ಅದಕ್ಕೆ ಸಂಘ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯಾಗಿ ನೋಂದಣಿಯಾಗಿರಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ದುಡ್ಡು ಪಡೆಯುವ ಮುಂಚೆಯೇ ಹೇಳಿ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ಪಡೆದವರ ದುಡ್ಡು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಮತ್ತು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಸಣ್ಣ ಸಂಘಗಳು ಈ ಹಣ ಪಡೆಯದಿರುವುದೇ ಒಳ್ಳೆಯದು. ಅವರ ಸಮಯ ಕೇಳಿ, ಆನ್‌ಲೈನಿನಲ್ಲಿ ಪಾಠ ಮಾಡಿಸಿ.

ವಸ್ತು ಕೊಡುವ ಆಸೆ

ಹೆಸರು ಕೊರೆಸಿದ ಕಬ್ಬಿಣದ ಬೀರು ಬೇಡ, ಕಾಲೇಜಿನಲ್ಲಿ ಬೇಕಾದಷ್ಟಿವೆ. ಆರ್‌ಒ ನೀರಿನ ಯಂತ್ರ ಕೊಡುವುದಾದರೆ ನಿರ್ವಹಣೆಯ ದುಡ್ಡನ್ನೂ ಕೊಡಿ. ಪಾವಗಡ, ಶಿರಾ, ಮಧುಗಿರಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಯಂತ್ರ ಬೇಕೇ ಬೇಕು. ಆದರೆ ನೀರು ಗಡಸೂ ಆಗಿದ್ದರೆ ಫಿಲ್ಟರುಗಳು ಬೇಗ ಕಟ್ಟಿಕೊಳ್ಳುತ್ತವೆ. ಬದಲಾಯಿಸದೇ ಬಿಟ್ಟರೆ ನಲ್ಲಿಯಲ್ಲಿ ನೀರು ಹನಿಹನಿಯಾಗುತ್ತದೆ, ಮಕ್ಕಳು ಮತ್ತೆ ಹಳೆಯ ತೊಟ್ಟಿಗೇ ಹೋಗುತ್ತಾರೆ. ಮೂರು ವರ್ಷದ ವಾರ್ಷಿಕ ನಿರ್ವಹಣಾ ಒಪ್ಪಂದ ಸೇರಿಸಿಯೇ ಬೆಲೆ ಕೇಳಿ. ಸರ್ವಿಸಿನವರು ಜಿಲ್ಲೆಯಲ್ಲೇ ಇಲ್ಲದ ಅಗ್ಗದ ಕಂಪನಿಯನ್ನು ದೂರವಿಡಿ.

ಬಸ್ ಪಾಸು ಸಣ್ಣದೆನಿಸಿದರೂ ಬಹಳ ಉಪಯೋಗದ್ದು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಗಂಡುಮಕ್ಕಳಿಗೆ ಪಾಸಿನ ದುಡ್ಡು ಇನ್ನೂ ಮನೆಯವರೇ ಹೊಂದಿಸಬೇಕು.

ದುಡ್ಡಿಲ್ಲದವರು ಕೊಡಬಹುದಾದ ಶನಿವಾರ

ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಅರ್ಜಿ ಹಾಕಿಸುವುದು ಹಳೆಯ ವಿದ್ಯಾರ್ಥಿ ಮಾಡಬಹುದಾದ ಅತ್ಯುತ್ತಮ ಸೇವೆ. ಹಲವರಿಗೆ ವಿದ್ಯಾರ್ಥಿವೇತನ ತಪ್ಪುವುದು ಅರ್ಹತೆ ಇಲ್ಲದ್ದಕ್ಕಲ್ಲ. ಆಧಾರ್‌ನಲ್ಲಿ ‘ಮಂಜುನಾಥ ಟಿ’, ಅಂಕಪಟ್ಟಿಯಲ್ಲಿ ‘ಟಿ. ಮಂಜುನಾಥ್’ ಎಂದಿರುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಇಲ್ಲವೇ ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ತಪ್ಪು ಹಾಕಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆಗಿರುವುದಿಲ್ಲ. ಇವೆರಡೂ ಬೇರೆ ಬೇರೆ. ನೇರ ವರ್ಗಾವಣೆಯ (ಡಿಬಿಟಿ) ಹಣ ಎನ್‌ಪಿಸಿಐನಲ್ಲಿ ದಾಖಲಾದ ಖಾತೆಗೇ ಹೋಗುವುದು. ಬ್ಯಾಂಕಿಗೆ ಹೋಗಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ’ ಎಂದು ಲಿಖಿತವಾಗಿ ಕೇಳುವಂತೆ ಮಕ್ಕಳಿಗೆ ಹೇಳಿಕೊಡಿ.

ಎರಡು ಲ್ಯಾಪ್‌ಟಾಪ್, ಒಂದು ಸ್ಕ್ಯಾನರ್, ಮೂವರು ಸ್ವಯಂಸೇವಕರಿದ್ದರೆ ಸಾಕು. ಶನಿವಾರ ಮಧ್ಯಾಹ್ನ ಬೇಡ, ಕೊರಟಗೆರೆ, ಗುಬ್ಬಿ ಕಡೆಯ ಮಕ್ಕಳು ಆಗಲೇ ಬಸ್ ಹತ್ತಿರುತ್ತಾರೆ. ಬೆಳಗಿನ ಒಂಬತ್ತೂವರೆಗೆ ಕೂಡಿ. ಒಟಿಪಿ ಬರುವ ಫೋನು ಅಪ್ಪನದಾಗಿದ್ದರೆ ಅಪ್ಪ ಆ ಹೊತ್ತಿಗೆ ಸಿಗ್ನಲ್ ಇರುವ ಕಡೆ ಇರುವಂತೆ ಹಿಂದಿನ ದಿನವೇ ಹೇಳಿಸಿ. ಅರ್ಜಿ ಸಂಖ್ಯೆಯನ್ನು ವಿದ್ಯಾರ್ಥಿಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿ, ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ಒಂದು ತಿಂಗಳ ನಂತರ ಅದೇ ಪಟ್ಟಿ ಹಿಡಿದು ಒಬ್ಬೊಬ್ಬರ ಸ್ಥಿತಿ ನೋಡಿ. ತಿರಸ್ಕೃತವಾದ ಅರ್ಜಿಗಳನ್ನು ಕೊನೆಯ ದಿನಾಂಕದ ಒಳಗೆ ಸರಿಪಡಿಸಲು ಆಗ ಸಮಯ ಸಿಗುತ್ತದೆ.