ಚಿನ್ನದ ಚುಕ್ಕಿಗಳಲ್ಲಿ ಡಿಎನ್‌ಎ ಪತ್ತೆ: ಚಿಪ್ ತಯಾರಿಯಿಂದ ಅಳತೆಯವರೆಗೆ

ಡಿಎನ್‌ಎ ಪತ್ತೆಗೆ ಹೊಳೆಯುವ ಬಣ್ಣ, ಲೇಸರ್, ಕ್ಯಾಮೆರಾ ಇರಲೇಬೇಕೆಂದಿಲ್ಲ. ಕರೆಂಟು ಅಳೆದೂ ಪತ್ತೆ ಮಾಡಬಹುದು. ಕೆವಿನ್ ಪ್ಲಾಕ್ಸ್‌ಕೊ, ಅಲನ್ ಹೀಗರ್ ಅವರ ತಂಡ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ರೂಪಿಸಿ 2003ರಲ್ಲಿ ಪ್ರಕಟಿಸಿದ ವಿಧಾನ ಇದು. ಆಗ ಗುರುತಿಗೆ ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತ ಬಳಸಿದ್ದರು. ಈಗ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹೆಚ್ಚು ಚಾಲ್ತಿಯಲ್ಲಿದೆ. ಇಲ್ಲಿ ನೋಡುವುದು ಅದರ ಹೊಳಪನ್ನಲ್ಲ, ಅದು ಕೊಡುವ ಕರೆಂಟನ್ನು.

ಪ್ರೋಬ್, ಅಂದರೆ ನಾವು ಹುಡುಕುವ ಡಿಎನ್‌ಎಗೆ ಜೋಡಿಯಾಗುವ ಗಿಡ್ಡ ಡಿಎನ್‌ಎ ಎಳೆ, ಹೇರ್‌ಪಿನ್ ಆಕಾರದಲ್ಲಿ ಮಡಚಿಕೊಂಡಿರುತ್ತದೆ. ಒಂದು ತುದಿಯ ಥಯೋಲ್ (ಗಂಧಕವಿರುವ ಗುಂಪು) ಚಿನ್ನವನ್ನು ಹಿಡಿದಿರುತ್ತದೆ, ಇನ್ನೊಂದು ತುದಿಯ ಮೆಥಿಲೀನ್ ಬ್ಲೂ ಚಿನ್ನದ ಪಕ್ಕದಲ್ಲೇ ಇದ್ದು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತದೆ. ನಾವು ಹುಡುಕುವ ಡಿಎನ್‌ಎ ಬಂದು ಕೂಡಿಕೊಂಡರೆ ಮಡಿಕೆ ಬಿಚ್ಚುತ್ತದೆ, ಬಣ್ಣ ದೂರವಾಗುತ್ತದೆ, ಕರೆಂಟು ಇಳಿಯುತ್ತದೆ.

ಮೊದಲು ಚಿಪ್. ಗಾಜಿನ ಮೇಲೆ 10 ನ್ಯಾನೊಮೀಟರ್ ಕ್ರೋಮಿಯಂ, ಅದರ ಮೇಲೆ 100 ನ್ಯಾನೊಮೀಟರ್ ಚಿನ್ನ, ಮೇಲೊಂದು ನಿರೋಧಕ ಪದರ. ಆ ಪದರದಲ್ಲಿ 10 ಮೈಕ್ರಾನ್ ಅಗಲದ ದುಂಡು ಕಿಂಡಿಗಳು (ಒಳಗೆ ಕಾಣುವ ಚಿನ್ನವೇ ನಮ್ಮ ಚುಕ್ಕಿ), ಕೇಂದ್ರದಿಂದ ಕೇಂದ್ರಕ್ಕೆ 100 ಮೈಕ್ರಾನ್ ಅಂತರ. ಇದಕ್ಕೆ ಕ್ಲೀನ್‌ರೂಮ್, ಅಂದರೆ ದೂಳಿಲ್ಲದ ಕೋಣೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಅಂಥ ಸೌಲಭ್ಯವಿದೆ.

ಇಷ್ಟು ಸಣ್ಣ ಚುಕ್ಕಿಯಿಂದ ಎಷ್ಟು ಸಂಕೇತ ಸಿಗುತ್ತದೆಂದು ಮೊದಲೇ ಲೆಕ್ಕ ಹಾಕಿ. ಬಣ್ಣವನ್ನು ಚಿನ್ನಕ್ಕೇ ಕಟ್ಟಿರುವುದರಿಂದ ಸಂಕೇತ ಚಿನ್ನದ ವಿಸ್ತೀರ್ಣಕ್ಕೆ ತಕ್ಕಷ್ಟೇ. ಚದರ ಸೆಂಟಿಮೀಟರಿಗೆ ಲಕ್ಷ ಕೋಟಿ ಎಳೆ ಎಂದಿಟ್ಟುಕೊಂಡರೆ ಒಂದು ಚುಕ್ಕಿಗೆ ಸುಮಾರು 8 ಲಕ್ಷ. ತಲಾ 2 ಎಲೆಕ್ಟ್ರಾನ್ ಆದರೂ ಒಟ್ಟು ಆವೇಶ ಕಾಲು ಪಿಕೊಕೂಲಂಬ್ ಮಾತ್ರ. ಅದಕ್ಕೇ ನೂರು ಚುಕ್ಕಿಗಳನ್ನು ಸಮಾಂತರವಾಗಿ ಸೇರಿಸಿ ಒಂದು ಗುಂಪು ಮಾಡುವುದು.

ತೊಳೆಯುವಾಗ ಅಲ್ಯೂಮಿನಾ ಪುಡಿಯಿಂದ ಉಜ್ಜಬೇಡಿ, ತೆಳು ಚಿನ್ನ ಎದ್ದುಬರುತ್ತದೆ. ಅಸಿಟೋನ್, ಐಸೊಪ್ರೊಪನಾಲ್, ಶುದ್ಧ ನೀರು ಆದಮೇಲೆ 0.05 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ವೋಲ್ಟೇಜನ್ನು 0ಯಿಂದ 1.5 ವೋಲ್ಟ್ ನಡುವೆ ಹತ್ತಿಪ್ಪತ್ತು ಸಲ ಏರಿಸಿ ಇಳಿಸಿ. 0.9 ವೋಲ್ಟ್ ಆಸುಪಾಸಿನ ಶೃಂಗ (ಕರೆಂಟಿನ ಗೆರೆಯ ಮೊನೆ) ಪ್ರತಿಸಲವೂ ಒಂದೇ ರೀತಿ ಬಂದರೆ ನಿಲ್ಲಿಸಿ. ಚಿಪ್ಪಿನ ಮೇಲೆ ಉಪ್ಪಿನಂಶ ಉಳಿದಿದ್ದರೆ ಕ್ಲೋರೈಡ್ ಈ ವೋಲ್ಟೇಜಿನಲ್ಲಿ ಚಿನ್ನವನ್ನೇ ಕರಗಿಸುತ್ತದೆ, ಎಚ್ಚರ.

ಮುಂದಕ್ಕೆ ಹೋಗುವ ಮುನ್ನ 1 ಮಿಲಿಮೋಲಾರ್ ಫೆರಿಸಯನೈಡ್ ಎಂಬ ಲವಣದ ದ್ರಾವಣದಲ್ಲಿ ಕರೆಂಟು ಅಳೆದು ಪರೀಕ್ಷಿಸಿ. ಚುಕ್ಕಿಗೆ 1.4 ನ್ಯಾನೊಆಂಪಿಯರ್ ಆಸುಪಾಸು, ನೂರಕ್ಕೆ 140 ಬರಬೇಕು. ತೀರಾ ಕಡಿಮೆಯಾದರೆ ಕಿಂಡಿಗಳಲ್ಲಿ ಫೋಟೊರೆಸಿಸ್ಟ್ (ಕಿಂಡಿ ಕೊರೆಯಲು ಬಳಿದ ಬೆಳಕು-ಸೂಕ್ಷ್ಮ ಲೇಪ) ಉಳಿದಿದೆ. ಬಹಳ ಹೆಚ್ಚಾದರೆ ನಿರೋಧಕ ಪದರ ಬಿರುಕು ಬಿಟ್ಟಿದೆ.

ಈಗ ಪ್ರೋಬ್. 100 ಮೈಕ್ರೊಮೋಲಾರ್ ದ್ರಾವಣ 2 ಮೈಕ್ರೊಲೀಟರ್, 10 ಮಿಲಿಮೋಲಾರ್ ಟಿಸಿಇಪಿ (ಬಂಧ ಕಡಿಯುವ ರಾಸಾಯನಿಕ) 4 ಮೈಕ್ರೊಲೀಟರ್ ಬೆರೆಸಿ ಕತ್ತಲಲ್ಲಿ ಒಂದು ಗಂಟೆ ಇಡಿ. ಥಯೋಲ್ ತುದಿಯನ್ನು ಮುಚ್ಚಿಟ್ಟಿರುವ ಡೈಸಲ್ಫೈಡ್ (ಗಂಧಕ-ಗಂಧಕ) ಬಂಧ ಕಡಿಯುವುದು ಇದೇ. ಇದನ್ನು ಬಿಟ್ಟರೆ ಎಳೆ ಚಿನ್ನಕ್ಕೆ ಸರಿಯಾಗಿ ಕೂರುವುದಿಲ್ಲ. ಬಳಿಕ ಫಾಸ್ಫೇಟ್ ಬಫರ್‌ನಿಂದ 1 ಮಿಲಿಲೀಟರ್‌ಗೆ ತನ್ನಿ, 200 ನ್ಯಾನೊಮೋಲಾರ್ ಆಗುತ್ತದೆ. ಗುಂಪಿಗೆ 2 ಮೈಕ್ರೊಲೀಟರ್ ಹನಿ ಇಟ್ಟು, ಒದ್ದೆ ಟಿಶ್ಯೂ ಹಾಕಿದ ಪೆಟ್ರಿ ಡಿಶ್ ಮುಚ್ಚಿ ಒಂದು ಗಂಟೆ ಬಿಡಿ. ಹೆಚ್ಚು ಪ್ರೋಬ್ ಹಾಕಿದರೆ ಹೆಚ್ಚು ಸಂಕೇತ ಎಂಬ ಆಸೆ ಬೇಡ: ಎಳೆಗಳು ಕಿಕ್ಕಿರಿದರೆ ಹುಡುಕುವ ಡಿಎನ್‌ಎಗೆ ಒಳಬರಲು ಜಾಗವಿರದು. ಚಿಪ್ಪಿನ ಗುಂಪುಗಳಲ್ಲಿ ಒಂದಕ್ಕೆ, ಹುಡುಕುವ ಡಿಎನ್‌ಎಗೆ ಸಂಬಂಧವಿಲ್ಲದ ಪ್ರೋಬ್ ಹಾಕಲೇಬೇಕು. ಅರೇಯ (ಚುಕ್ಕಿಗಳ ಸಾಲಿನ) ನಿಜವಾದ ಬೆಲೆ ಇರುವುದು ಒಂದೇ ಚಿಪ್ಪಿನಲ್ಲಿ ಸಿಗುವ ಈ ಹೋಲಿಕೆಯಲ್ಲಿ. ಆಮೇಲೆ ಅಂದೇ ಮಾಡಿದ 2 ಮಿಲಿಮೋಲಾರ್ ಮರ್ಕ್ಯಾಪ್ಟೊಹೆಕ್ಸನಾಲ್ (ಚಿನ್ನಕ್ಕೆ ಅಂಟುವ ಗಿಡ್ಡ ಥಯೋಲ್) ದ್ರಾವಣದಲ್ಲಿ ರಾತ್ರಿಯಿಡೀ ಇಟ್ಟು ಖಾಲಿ ಚಿನ್ನ ಮುಚ್ಚಿ.

ಅಳತೆ ಸ್ಕ್ವೇರ್ ವೇವ್ ವೋಲ್ಟಾಮೆಟ್ರಿಯಲ್ಲಿ, ಅಂದರೆ ವೋಲ್ಟೇಜನ್ನು ಚೌಕ ಅಲೆಗಳಾಗಿ ಬದಲಿಸುತ್ತ ಕರೆಂಟು ಅಳೆಯುವ ವಿಧಾನದಲ್ಲಿ: ಸಿಲ್ವರ್/ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್‌ಗೆ ಹೋಲಿಸಿ −0.1ರಿಂದ −0.45 ವೋಲ್ಟ್, ಆಂಪ್ಲಿಟ್ಯೂಡ್ 25 ಮಿಲಿವೋಲ್ಟ್, 60 ಹರ್ಟ್ಸ್. ಶೃಂಗ −0.25ರಿಂದ −0.3ರ ನಡುವೆ ಕಾಣುತ್ತದೆ. ತಳಗೆರೆ ಓರೆಯಾಗಿದ್ದರೆ ಆಮ್ಲಜನಕ ಕಾರಣ, ನೈಟ್ರೋಜನ್ ಹಾಯಿಸಿ. ಶೃಂಗದ ಎತ್ತರ ಸ್ಥಿರವಾಗುವವರೆಗೆ ಅಳೆಯುತ್ತಿದ್ದು, ಆಮೇಲಷ್ಟೇ ಮಾದರಿ ಹಾಕಿ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ.

ಕರೆಂಟು ಇಳಿದ ಕೂಡಲೇ ಡಿಎನ್‌ಎ ಸಿಕ್ಕಿತೆಂದು ಬರೆದುಕೊಳ್ಳಬೇಡಿ. ಪ್ರೋಬ್ ಪದರ ಚಿನ್ನದಿಂದ ಕಿತ್ತುಹೋದರೂ ಕರೆಂಟು ಇಳಿಯುತ್ತದೆ. ಚಿಪ್ಪನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ನಿಮಿಷ ತೊಳೆಯಿರಿ. ಉಪ್ಪಿಲ್ಲದ ನೀರಿನಲ್ಲಿ ಜೋಡಿ ಎಳೆ ಬೇರ್ಪಡುತ್ತದೆ. ಮತ್ತೆ ಬಫರ್ ಹಾಕಿದಾಗ ಶೃಂಗ ಮೊದಲಿನ ಎತ್ತರಕ್ಕೆ ಮರಳಿ, ಸಂಬಂಧವಿಲ್ಲದ ಪ್ರೋಬ್‌ನ ಗುಂಪು ಅಲುಗದೆ ಇದ್ದರೆ ಆ ಇಳಿತವನ್ನು ನಂಬಬಹುದು. ಮರಳದಿದ್ದರೆ ಆ ಚಿಪ್ಪಿನ ಅಂಕಿಗಳನ್ನು ಬಿಟ್ಟು ಪದರವನ್ನು ಹೊಸದಾಗಿ ಕಟ್ಟಿ.